ಕಲ್ಲಿನ ಜೊತೆ ಬಂದ ಅತಿಥಿ

ಮಣಿಪಾಲದ ಮನೆಯೊಂದಕ್ಕೆ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಬಂದಿದೆ ಎಂದಿಟ್ಟುಕೊಳ್ಳಿ. ಮೀನು ಬಿಡುವ ಮೊದಲು ತಳದಲ್ಲಿ ಸಮುದ್ರದ ಕಲ್ಲುಗಳನ್ನು ಜೋಡಿಸಿದ್ದಾರೆ. ಎರಡು ವಾರ ಕಳೆಯುವಷ್ಟರಲ್ಲಿ ಕಲ್ಲಿನ ಸಂದಿಯಲ್ಲಿ ಕಂದು ಬಣ್ಣದ ಪುಟ್ಟ ಹೂವೊಂದು ಅರಳುತ್ತದೆ. ಯಾರೂ ತಂದದ್ದಲ್ಲ, ಯಾರೂ ನೆಟ್ಟದ್ದಲ್ಲ. ‘ಹವಳ ಹುಟ್ಟಿದೆ’ ಎಂದು ಮಗಳು ಕುಣಿಯುತ್ತಾಳೆ. ‘ಅದೆಂಥದ್ದೋ ಹುಳ, ಕೆರೆದು ತೆಗೆಯೋಣ’ ಎಂದು ಅಪ್ಪ ಚಾಕು ಹುಡುಕುತ್ತಾರೆ. ಇಬ್ಬರದೂ ಅವಸರವೇ.

ಅದು ಹೂವೂ ಅಲ್ಲ, ಹುಳವೂ ಅಲ್ಲ. ಪಾಲಿಪ್ ಎಂಬ ಪ್ರಾಣಿರೂಪ. ಕೊಳವೆಯಂಥ ದೇಹದ ಒಂದು ತುದಿ ಕಲ್ಲಿಗೆ ಅಂಟಿರುತ್ತದೆ. ಇನ್ನೊಂದು ತುದಿಯಲ್ಲಿ ಬಾಯಿ, ಸುತ್ತಲೂ ಕುಟುಕುವ ಎಳೆಗಳು. ಹವಳ, ಸೀ ಅನಿಮೋನ್‌ಗಳೆಲ್ಲ ಇದೇ ಬಳಗದವು. ಕಾಪುವಿನ ದೀಪಸ್ತಂಭದ ಬಳಿ ಇರುವಂಥ ಬಂಡೆಗಳ ನಡುವೆ ಇಳಿತದ ಹೊತ್ತು ನಿಂತ ನೀರೇ ಇಂಥ ಜೀವಿಗಳ ತವರು.

ಬಂದವರು ಯಾರೆಂದು ತಿಳಿಯುವುದು ಹೇಗೆ? ಮೂರು ಗುರುತು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಬಿಡಿಬಿಡಿಯಾಗಿ ನಿಂತು, ಉದ್ದನೆಯ ಚೂಪು ಎಳೆಗಳಿದ್ದು, ನೀರು ಕದಡಿದೊಡನೆ ಸರಕ್ಕನೆ ಒಳಸರಿದರೆ ಅದು ಐಪ್ಟೇಸಿಯಾ ಎಂಬ ಅನಿಮೋನ್ ಇರಬಹುದು. ಗುಂಪಾಗಿ ಬುಡ ಕೂಡಿಕೊಂಡು, ಅಂಚಿನಲ್ಲಷ್ಟೇ ಗಿಡ್ಡ ಎಳೆಗಳಿದ್ದರೆ ಜೋಯಾಂತಿಡ್. ಮುದುಡಿದಾಗ ಅಡಿಯಲ್ಲಿ ಸುಣ್ಣದ ಗಟ್ಟಿ ಬಟ್ಟಲು ಕಂಡರೆ ನಿಜವಾದ ಹವಳ.

ಗುರುತು ಸಿಗುವ ಮುನ್ನ ಚಾಕು ಹಾಕಿದರೆ ಎರಡು ಕೇಡು. ಐಪ್ಟೇಸಿಯಾದ ಬುಡದ ಚೂರು ಉಳಿದರೂ ಸಾಕು, ಅದೇ ಹೊಸ ಪ್ರಾಣಿಯಾಗಿ ಬೆಳೆಯುತ್ತದೆ, ಒಂದಿದ್ದದ್ದು ಹತ್ತಾಗುತ್ತದೆ. ಎರಡನೆಯದು ಜೀವಕ್ಕೇ ಸಂಚಕಾರ. ಜೋಯಾಂತಿಡ್‌ಗಳ ಪೈಕಿ ಪ್ಯಾಲಿಥೋವಾ ಎಂಬ ಕುಲದ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಅದನ್ನು ಬೇರ್ಪಡಿಸಿ ವರದಿ ಮಾಡಿದರು. ಕಲ್ಲು ಶುಚಿ ಮಾಡಲೆಂದು ಬಿಸಿನೀರು ಸುರಿದು, ಕುದಿಸಿ, ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ನಡೆದಿವೆ. ಆದ್ದರಿಂದ ಕಲ್ಲನ್ನು ಕುದಿಸಬಾರದು, ಕೆರೆಯಬಾರದು. ಕೈಗವಸಿಲ್ಲದೆ ಮುಟ್ಟಲೂ ಬಾರದು.

ಹಾಗಾದರೆ ಏನು ಮಾಡಬೇಕು? ಹಾಲೆಂಡಿನ ಹೇಗ್ ನಗರದ ಬಳಿ 1740ರಲ್ಲಿ ಅಬ್ರಹಾಂ ಟ್ರೆಂಬ್ಲಿ ಎಂಬ ಮನೆಪಾಠದ ಮೇಷ್ಟ್ರಿಗೂ ಇದೇ ಪ್ರಶ್ನೆ ಎದುರಾಯಿತು. ಗಾಜಿನ ಪಾತ್ರೆಯ ಹಳ್ಳದ ನೀರಿನಲ್ಲಿ ಹಸಿರು ಎಳೆಗಳ ಜೀವಿಯೊಂದು ಕಂಡಿತು. ಗಿಡವೋ, ಪ್ರಾಣಿಯೋ? ಕತ್ತರಿಸಿದರೆ ತುಂಡುಗಳೆರಡೂ ಬದುಕಿದವು. ಹಾಗಾದರೆ ಗಿಡವೇ ಇರಬೇಕು! ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಅದು ನಡೆಯುವುದನ್ನೂ ಬೇಟೆ ನುಂಗುವುದನ್ನೂ ದಿನದಿನವೂ ನೋಡಿ, ಪ್ರಾಣಿಯೇ ಎಂದು ನಿಶ್ಚಯಿಸಿದರು. ಇಂದು ಹೈಡ್ರಾ ಎಂದು ಪಾಠದಲ್ಲಿ ಬರುವುದು ಅದೇ. ಕತ್ತರಿ ಗೊಂದಲ ಹುಟ್ಟಿಸಿತು. ಕಣ್ಣು ಅದನ್ನು ಬಿಡಿಸಿತು.

ಮಣಿಪಾಲದ ಆ ಮನೆಯಲ್ಲೂ ಚಾಕುವಿನ ಬದಲು ಒಂದು ನೋಟ್‌ಪುಸ್ತಕ ತೆರೆಯಲಿ. ಹಗಲಲ್ಲಿ ಅರಳಿತೇ, ರಾತ್ರಿಯಲ್ಲೇ? ವಾರದಲ್ಲಿ ಎಷ್ಟಾಯಿತು? ಮಗಳು ಬರೆಯಲಿ, ಚಿತ್ರ ಬಿಡಿಸಲಿ. ಅದನ್ನು ಹಿಡಿದು ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರನ್ನು ಕೇಳಲಿ. ಐಪ್ಟೇಸಿಯಾ ಎಂದೇ ಖಚಿತವಾದರೆ ಅದನ್ನು ತಿನ್ನುವ ಸೀಗಡಿಗಳೂ ಇವೆ. ಇನ್ನೊಂದು ಮಾತು: ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಚೆಂದ ಕಂಡಿತೆಂದು ಕಡಲಿನಿಂದ ಕಿತ್ತು ತರುವಂತಿಲ್ಲ.

ಹೆಸರು ಗೊತ್ತಿಲ್ಲದ ಅತಿಥಿಗೆ ಕೊಡಬೇಕಾದ ಮೊದಲ ಮರ್ಯಾದೆ, ಕೈಕಟ್ಟಿ ನೋಡುವುದು.