ವಿಕಿರಣ ಚಿಕಿತ್ಸೆಯ ಆರು ವಾರದ ದಾರಿ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣಕ್ಕೆ ಎರಡು ಕೆಲಸ. ರೋಗ ಎಲ್ಲಿದೆ, ಎಷ್ಟು ಹರಡಿದೆ ಎಂದು ತೋರಿಸುವುದು ಒಂದು. ರೋಗದ ಜೀವಕೋಶಗಳನ್ನು ಕೊಲ್ಲುವುದು ಇನ್ನೊಂದು. ಈ ಎರಡಕ್ಕೂ ಬೇಕಾದ ಯಂತ್ರಗಳ ಮಟ್ಟಿಗೆ ದಕ್ಷಿಣ ಕನ್ನಡ ಬಡ ಜಿಲ್ಲೆಯಲ್ಲ. ಇಲ್ಲಿ ಎಂಟು ಮೆಡಿಕಲ್ ಕಾಲೇಜುಗಳಿವೆ, ಎಂಟೂ ಖಾಸಗಿ. ಸುಳ್ಯದ ಒಂದನ್ನು ಬಿಟ್ಟರೆ ಉಳಿದವೆಲ್ಲ ಮಂಗಳೂರು ಮತ್ತು ಅದರ ಆಸುಪಾಸಿನಲ್ಲಿವೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ವಿಕಿರಣ ಚಿಕಿತ್ಸೆಯ ಒಂದು ಯಂತ್ರವೂ ಇಲ್ಲದಿರುವಾಗ, ಮಂಗಳೂರಿನ ಕಂಕನಾಡಿ ಮತ್ತು ಸಮೀಪದ ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ಅದು ನಿತ್ಯದ ಕೆಲಸ. ಮೂಡುಬಿದಿರೆಯವರಿಗೆ ಕಾರ್ಕಳದ ದಾರಿಯಾಗಿ ಮಣಿಪಾಲವೂ ಇದೆ. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಒಳಗಿನ ಹಳ್ಳಿಗಳವರಿಗೆ ಈ ಚಿಕಿತ್ಸೆ ಕಷ್ಟಸಾಧ್ಯವಾಗಿಯೇ ಉಳಿದಿದೆ. ಅದಕ್ಕೆ ಕಾರಣ ಯಂತ್ರದ ಮುಂದೆ ಮಲಗುವ ಮೊದಲೂ ಇದೆ, ಮಲಗಿ ಎದ್ದ ಮೇಲೂ ಇದೆ.

ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್ 8ರಂದು ಎಕ್ಸ್-ರೇ ಕಂಡುಹಿಡಿದರು. ಮೂಳೆ ಹೆಚ್ಚು ಕಿರಣಗಳನ್ನು ತಡೆಯುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಬಿಟ್ಟುಕೊಡುತ್ತದೆ. ಈ ವ್ಯತ್ಯಾಸದಿಂದ ಮೂಡುವ ನೆರಳೇ ಚಿತ್ರ. ದೇಹದ ಸುತ್ತ ತಿರುಗುತ್ತ ಅಂಥ ನೂರಾರು ನೆರಳುಗಳನ್ನು ಹಿಡಿದು, ಗಣಿತದ ಮೂಲಕ ಅಡ್ಡಸೀಳಿನ ಚಿತ್ರ ಕಟ್ಟುವುದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್‌ನಲ್ಲಿ. ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ, ಎಂ.ಆರ್.ಐ. ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದ ಜಲಜನಕ ಪರಮಾಣುಗಳು ಕೊಡುವ ಸಂಕೇತದಿಂದ. ಊರಿನ ಮಾತಿನಲ್ಲಿ ಎಲ್ಲವೂ ‘ಸ್ಕ್ಯಾನಿಂಗ್’ ಆದರೂ, ಕೊನೆಯ ಎರಡರಲ್ಲಿ ಹಾನಿಕರ ವಿಕಿರಣವೇ ಇಲ್ಲ.

ಎಕ್ಸ್-ರೇ, ಅಲ್ಟ್ರಾಸೌಂಡ್ ಇಂದು ಮೂರೂ ತಾಲ್ಲೂಕುಗಳಲ್ಲಿ ಸಿಗುತ್ತವೆ. ಚಿತ್ರ ತೆಗೆಯಲು ತಂತ್ರಜ್ಞರು ಸಾಕು, ಅದನ್ನು ಓದಲು ರೇಡಿಯಾಲಜಿಸ್ಟ್ ಬೇಕು. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಿಗೆ ಈ ತಜ್ಞರು ಬರುವುದೂ ಅಪರೂಪ, ಬಂದವರು ನಿಲ್ಲುವುದೂ ಅಪರೂಪ. ಅಲ್ಟ್ರಾಸೌಂಡ್‌ಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕಟ್ಟುಪಾಡೂ ಇದೆ: ನೋಂದಣಿಯಾಗದ ಕಡೆ, ಅರ್ಹರಲ್ಲದವರು ಯಂತ್ರ ಮುಟ್ಟುವಂತಿಲ್ಲ. ಎಕ್ಸ್-ರೇ, ಸಿ.ಟಿ. ಚಿತ್ರಗಳನ್ನಾದರೆ ದೂರದಲ್ಲಿ ಕುಳಿತೂ ಓದಬಹುದು. ಅರ್ಜುನ್ ಕಲ್ಯಾಣಪುರ್ ಮತ್ತು ಸುನೀತಾ ಮಹೇಶ್ವರಿ 2002ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಇಲ್ಲಿಂದಲೇ ಓದಿ ವರದಿ ಕಳಿಸಿ ಹೆಸರಾಯಿತು. ಸಾಗರದಾಚೆಯ ಚಿತ್ರವನ್ನು ಓದಬಹುದಾದರೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ್ದನ್ನು ಮಂಗಳೂರಿನಲ್ಲಿ ಓದಲು ತಂತ್ರಜ್ಞಾನದ ತಡೆ ಏನೂ ಇಲ್ಲ. ಜಿಲ್ಲೆಯಲ್ಲೇ ಇದಕ್ಕೊಂದು ಮೇಲ್ಪಂಕ್ತಿ ಇದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಪಟ್ಟಿಗಳನ್ನು ನೋಡಿ ಸಲಹೆ ಕೊಡುವ ವ್ಯವಸ್ಥೆ ಬೆಳೆಸಿದರು. ಒಬ್ಬ ವೈದ್ಯರ ಉತ್ಸಾಹದಿಂದ ಹೃದಯಕ್ಕೆ ಆದದ್ದು ಎದೆಯ ಎಕ್ಸ್-ರೇಗೂ ಏಕೆ ಆಗಬಾರದು ಎಂಬುದು ಯೋಚಿಸಬೇಕಾದ ಸಂಗತಿ.

ಚಿತ್ರಣದ ಬಗ್ಗೆ ಜನರಲ್ಲಿ ಭಯವೂ ಇದೆ, ಅತಿಯಾದ ಮೋಹವೂ ಇದೆ. ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ಬರುವುದು 0.1ಕ್ಕಿಂತ ಹೆಚ್ಚಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆಯ ಸಿ.ಟಿ.ಯಲ್ಲಿ ಮಾತ್ರ ಅದು 8ರಿಂದ 10ರವರೆಗೆ ಹೋಗುತ್ತದೆ. ಬೇಕಾದಾಗ ಅದೂ ಸರಿಯೇ. ಒಂದು ಆಸ್ಪತ್ರೆಯಲ್ಲಿ ತೆಗೆದದ್ದನ್ನು ವಾರದೊಳಗೆ ಇನ್ನೊಂದರಲ್ಲಿ ಮತ್ತೆ ತೆಗೆಸುವುದು ಸರಿಯಲ್ಲ. ಹಳೆಯ ಫಿಲ್ಮ್ ಮನೆಯ ಅಟ್ಟದಲ್ಲಿ, ಸಿ.ಡಿ. ಮತ್ತೊಬ್ಬ ವೈದ್ಯರ ಮೇಜಿನಲ್ಲಿ ಉಳಿದರೆ ಆಗುವುದು ಅದೇ.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಮುಖ್ಯವಾದದ್ದು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್. ಅಡಿಕೆ ಇಲ್ಲಿನ ಬದುಕು; ಎಲೆ, ಅಡಿಕೆ, ಸುಣ್ಣದ ಜತೆ ಹೊಗೆಸೊಪ್ಪು ಸೇರಿಸುವುದು ಹಳೆಯ ಅಭ್ಯಾಸ. ಬೀಡಿ ಕಟ್ಟುವುದು ಸಾವಿರಾರು ಮನೆಗಳ ಹೆಂಗಸರ ದುಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 83,400ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಬೆಳೆಗಾರರಿಗೆ ಈ ಮಾತು ರುಚಿಸದು, ಅವರ ಆತಂಕ ಅರ್ಥವಾಗುವಂಥದ್ದು. ಆದರೆ ಬೆಲೆಯ ಚರ್ಚೆ ಬೇರೆ, ಬಾಯೊಳಗಿನ ಬಿಳಿ ಮಚ್ಚೆಯ ಚರ್ಚೆ ಬೇರೆ. ಆ ಮಚ್ಚೆ ನೋಡಲು ಯಾವ ಸ್ಕ್ಯಾನೂ ಬೇಡ, ಒಂದು ಟಾರ್ಚು ಸಾಕು. ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ರೋಗ ಖಚಿತವಾಗುವುದು ಈ ಬಯಾಪ್ಸಿಯಿಂದ. ದವಡೆ ಮೂಳೆಗೆ, ಕುತ್ತಿಗೆಯ ಗಂಟುಗಳಿಗೆ ಅದು ಇಳಿದಿದೆಯೇ ಎಂದು ಸಿ.ಟಿ., ಎಂ.ಆರ್.ಐ.ಗಳು ಹೇಳುತ್ತವೆ.

ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಅಗತ್ಯವಿದ್ದವರಿಗೆ ಆಮೇಲೆ ವಿಕಿರಣ. ಜನರ ಬಾಯಲ್ಲಿ ಇದು ‘ಕರೆಂಟ್ ಕೊಡುವುದು’. ಮೊದಲ ದಿನ ಕರೆಂಟ್ ಇರುವುದಿಲ್ಲ, ಅಂದು ಮಾಸ್ಕ್ ಮಾಡುತ್ತಾರೆ. ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಮಲಗಿದ ರೋಗಿಯ ಮುಖ, ಕುತ್ತಿಗೆಯ ಮೇಲೆ ಎಳೆದು ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಆ ಮುಖದ ಅಚ್ಚಾಗಿ ಗಟ್ಟಿಯಾಗುತ್ತದೆ. ಅದನ್ನು ಹಾಕಿ, ಮಂಚಕ್ಕೆ ಬಿಗಿದು ಸಿ.ಟಿ. ತೆಗೆಯುತ್ತಾರೆ. ಆ ಚಿತ್ರದ ಪ್ರತಿಯೊಂದು ಸೀಳಿನ ಮೇಲೂ ವೈದ್ಯರು ಗೆಡ್ಡೆಯಿದ್ದ ಜಾಗ, ಬೆನ್ನುಹುರಿ, ಜೊಲ್ಲುಗ್ರಂಥಿಗಳಿಗೆ ಗೆರೆ ಎಳೆಯುತ್ತಾರೆ. ಯಾವ ಕೋನದಿಂದ ಎಷ್ಟು ಕಿರಣ ಎಂಬ ಲೆಕ್ಕ ಭೌತವಿಜ್ಞಾನಿಯದು. ಚಿತ್ರಣ ಮತ್ತು ಚಿಕಿತ್ಸೆ ಒಂದಾಗುವುದು ಇಲ್ಲಿಯೇ: ಗೆರೆ ತಪ್ಪಿದರೆ ಕಿರಣವೂ ಗುರಿ ತಪ್ಪುತ್ತದೆ. ಲೀನಿಯರ್ ಆ್ಯಕ್ಸಿಲರೇಟರ್ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ದು ಲೋಹಕ್ಕೆ ಹೊಡೆಸಿ ಎಕ್ಸ್-ರೇ ಹೊರಡಿಸುತ್ತದೆ. ಯಂತ್ರ ಆರಿಸಿದೊಡನೆ ವಿಕಿರಣವೂ ನಿಲ್ಲುತ್ತದೆ, ರೋಗಿಯ ಮೈಯಲ್ಲಿ ಅದು ಉಳಿಯುವುದಿಲ್ಲ. ಆದ್ದರಿಂದ ಅವರಿಗೆ ತಟ್ಟೆ, ಚಾಪೆ ಬೇರೆ ಮಾಡುವುದಕ್ಕೆ, ಮಕ್ಕಳನ್ನು ದೂರ ಇಡುವುದಕ್ಕೆ ಅರ್ಥವಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 30 ಸಿಟ್ಟಿಂಗ್, ಒಟ್ಟು 60 ಗ್ರೇ ವಿಕಿರಣ: ಸೋಮವಾರದಿಂದ ಶುಕ್ರವಾರ, ಆರು ವಾರ. ಗಂಟಲಿನ ಕ್ಯಾನ್ಸರಿಗೆ ವಿಕಿರಣವೇ ಮುಖ್ಯ ಚಿಕಿತ್ಸೆಯಾದರೆ 35, ಏಳು ವಾರ. ಒಂದೇ ದಿನ ಕೊಟ್ಟು ಮುಗಿಸುವಂತಿಲ್ಲ. ಎರಡು ಸಿಟ್ಟಿಂಗ್‌ಗಳ ನಡುವೆ ಆರೋಗ್ಯವಂತ ಜೀವಕೋಶ ತನ್ನನ್ನು ದುರಸ್ತಿ ಮಾಡಿಕೊಳ್ಳುವಷ್ಟು ಚೆನ್ನಾಗಿ ಕ್ಯಾನ್ಸರ್ ಕೋಶ ಮಾಡಿಕೊಳ್ಳಲಾರದು ಎಂಬುದರ ಮೇಲೆಯೇ ಚಿಕಿತ್ಸೆ ನಿಂತಿದೆ. ನಡುವೆ ದಿನ ತಪ್ಪಿ ಚಿಕಿತ್ಸೆ ಲಂಬಿಸಿದರೆ ಲಾಭ ರೋಗಕ್ಕೆ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಹೀಗೆ ಹೆಚ್ಚಾದ ಒಂದೊಂದು ದಿನಕ್ಕೆ ರೋಗ ಹತೋಟಿಯ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಬೆಳ್ತಂಗಡಿ ಪೇಟೆಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ದಿನಾ ಹೋಗಿ ಬಂದರೆ 30 ಸಿಟ್ಟಿಂಗಿಗೆ 3,600 ಕಿ.ಮೀ. ತಾಲ್ಲೂಕಿನ ಒಳಹಳ್ಳಿಗಳಾದ ಶಿಶಿಲ, ದಿಡುಪೆಯವರಿಗೆ ಪೇಟೆ ತಲುಪುವುದೇ ಒಂದು ಪ್ರಯಾಣ. ದೇರಳಕಟ್ಟೆಗಾದರೆ ಮಂಗಳೂರಿನಲ್ಲಿ ಮತ್ತೆ ಬಸ್ ಬದಲಿಸಬೇಕು. ಮೂರನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಗಿ, ಉಪ್ಪಿನಕಾಯಿ ಹಾಗಿರಲಿ, ಕುಚ್ಚಲಕ್ಕಿ ಗಂಜಿಯೂ ಗಂಟಲಲ್ಲಿ ಇಳಿಯದು. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ. ಸಡಿಲವಾದರೆ ಗುರಿ ಕದಲುತ್ತದೆ. ಮತ್ತೆ ಮಾಸ್ಕ್, ಮತ್ತೆ ಸಿ.ಟಿ., ಮತ್ತೆ ಲೆಕ್ಕ. ಅಂದರೆ ಬಸ್ಸಿನ ದಣಿವು, ಊಟದ ಕೊರತೆಗಳೂ ಯಂತ್ರದ ನಿಖರತೆಗೆ ಸಂಬಂಧಪಟ್ಟ ವಿಷಯಗಳೇ. ದಾರಿ ಕಡಿದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಕಂಡರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಖರ್ಚಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ರಕ್ಷಣೆ ಇದೆ, ವಿಕಿರಣ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ದಿನನಿತ್ಯದ ಓಡಾಟ, ಬಾಡಿಗೆ ಕೋಣೆ, ಜತೆಗೆ ಬರುವವರ ಕಳೆದುಹೋದ ಬೀಡಿ ಮಜೂರಿ ಮಾತ್ರ ಮನೆಯವರ ಹೆಗಲಿಗೇ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೆ ಮೂಡುಬಿದಿರೆ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು.

ಹಾಗಾದರೆ ತಾಲ್ಲೂಕಿಗೊಂದು ಯಂತ್ರ ತರಬೇಕೇ? ವೇದಿಕೆಯ ಭಾಷಣಕ್ಕೆ ಅದು ಚೆಂದ, ಲೆಕ್ಕಕ್ಕೆ ನಿಲ್ಲದು. ಯಂತ್ರವಿಡುವ ಕೋಣೆಯ ಮುಖ್ಯ ಗೋಡೆಗೇ ಸುಮಾರು ಎರಡು ಮೀಟರ್ ದಪ್ಪದ ಕಾಂಕ್ರೀಟ್ ಬೇಕು. ತಜ್ಞವೈದ್ಯರು, ಭೌತವಿಜ್ಞಾನಿ, ವಿಕಿರಣ ಸುರಕ್ಷತಾ ಅಧಿಕಾರಿ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ದಿನಕ್ಕೆ ನಾಲ್ಕಾರು ರೋಗಿಗಳಿಗಾಗಿ ಇಷ್ಟನ್ನು ನಡೆಸಲಾಗದು. ಯಂತ್ರ ಮಂಗಳೂರಿನಲ್ಲೇ ಇರಲಿ. ಅದರ ಸಮೀಪ ಆರು ವಾರ ತಂಗಲು ಸರ್ಕಾರದ್ದೋ ಧರ್ಮಸಂಸ್ಥೆಗಳದ್ದೋ ಮೆತ್ತಗಿನ ಊಟ ಕೊಡುವ ವಸತಿ ಬೇಕು, ಇಲ್ಲವೇ ಬೆಳಿಗ್ಗೆ ಉಜಿರೆಯಿಂದ ಹೊರಟು ಬಿ.ಸಿ.ರೋಡಿನ ಮೇಲೆ ಹೋಗುವ ಒಂದು ವಾಹನ. ದಶಕಗಳಿಂದ ಯಾತ್ರಿಕರಿಗೆ ಅನ್ನ, ವಸತಿ ಕೊಟ್ಟು ಅಭ್ಯಾಸವಿರುವ ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ.

ಚಿಕಿತ್ಸೆ ಮುಗಿದ ಮೇಲಿನ ಕೆಲಸದಲ್ಲಿ ಬಹುಪಾಲು ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥದ್ದು. ಜೊಲ್ಲು ಬತ್ತಿದ ಬಾಯಿಯ ಹಲ್ಲು ಬೇಗ ಹುಳುಕಾಗುತ್ತದೆ. ವಿಕಿರಣ ತಗಲಿದ ದವಡೆಯ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಹಾಗಾಗಿ ಊರಿನ ದಂತವೈದ್ಯರಿಗೆ ಹಳೆಯ ಚಿಕಿತ್ಸೆಯ ಕಾಗದ ತೋರಿಸದೆ ಹಲ್ಲು ಕೀಳಿಸಬಾರದು. ಕುತ್ತಿಗೆಗೆ ವಿಕಿರಣ ಪಡೆದ ಎಷ್ಟೋ ಮಂದಿಗೆ ಕೆಲವು ತಿಂಗಳು, ವರ್ಷಗಳಲ್ಲಿ ಥೈರಾಯ್ಡ್ ಕುಂದುತ್ತದೆ. ಸುಸ್ತು, ಮೈಭಾರ ಕಂಡರೆ ರೋಗ ಮರಳಿತೆಂದು ಮನೆಮಂದಿ ಹೆದರುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿದರೆ ಅದು ಗೊತ್ತಾಗುತ್ತದೆ. ಅದಕ್ಕೆ ಮಂಗಳೂರಿನವರೆಗೆ ಹೋಗಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲೇ ರಕ್ತ ಕೊಟ್ಟು, ವರದಿಯನ್ನು ಚಿಕಿತ್ಸೆ ಕೊಟ್ಟ ವೈದ್ಯರಿಗೆ ಕಳಿಸಿದರೆ ಆಯಿತು.