ಸಂದೇಶ ಬಂದ ದಿನ ಅರ್ಧ ದಿನದ ರಜೆ



ದೀಪಾವಳಿ ಕಳೆಯುತ್ತಲೇ ಬಯಲುಸೀಮೆಯ ಕುಟುಂಬಗಳು ಮಕ್ಕಳುಮರಿ ಸಮೇತ ನಮ್ಮ ಮಲೆನಾಡಿನ ತೋಟಗಳಿಗೆ ಬಂದಿಳಿಯುತ್ತವೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಯವರೂ ಅವರಲ್ಲಿದ್ದಾರೆ. ಮಲಪ್ರಭೆಯ ಕಾಲುವೆ ನೀರು ಮುಟ್ಟದ ಎರೆಹೊಲಗಳಲ್ಲಿ ಮಳೆ ಕೈಕೊಟ್ಟರೆ ಗುಳೆ ಹೋಗದೆ ಅವರಿಗೆ ಗತಿಯಿಲ್ಲ. ಅವರು ಬಾರದಿದ್ದರೆ ಕಾಫಿ ಕುಯ್ಲಿಗೆ ನಮಗೂ ಗತಿಯಿಲ್ಲ.

ಈ ಕುಟುಂಬಗಳ ಕೂಸುಗಳ ಚುಚ್ಚುಮದ್ದಿನ ವಿಚಾರವಾಗಿ ನಾವು ಎರಡು ಮಾತು ಹೇಳಬಯಸುತ್ತೇವೆ.

ಸರ್ಕಾರವು ಯು-ವಿನ್ ಎಂಬ ಗಣಕ ವ್ಯವಸ್ಥೆಯನ್ನು 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತಂದು, 2024ರಲ್ಲಿ ಎಲ್ಲೆಡೆಗೆ ವಿಸ್ತರಿಸಿತು. ಊರಿನಲ್ಲಿ ಹೆಸರು ನೋಂದಾಯಿಸಿದ ಮಗುವಿನ ಸರದಿ ಬಂದಾಗ ತಾಯ್ತಂದೆಯರ ಮೊಬೈಲಿಗೆ ಸಂದೇಶ ಬರುತ್ತದೆ. ಲಸಿಕೆಯನ್ನು ಊರಿನಲ್ಲಿಯೇ ಹಾಕಿಸಬೇಕೆಂದಿಲ್ಲ. ನಮ್ಮ ಪಕ್ಕದ ಆರೋಗ್ಯ ಕೇಂದ್ರದಲ್ಲಿಯೂ ಉಚಿತವಾಗಿ ಹಾಕುತ್ತಾರೆ.

ಹುಟ್ಟಿದಾಗಿನ ಲಸಿಕೆ ಮುಗಿದ ಮೇಲೆ 6, 10 ಮತ್ತು 14ನೇ ವಾರ, ಅನಂತರ 9 ತಿಂಗಳು ತುಂಬಿದಾಗ ದಡಾರದ ಮೊದಲ ಚುಚ್ಚುಮದ್ದು, 16ರಿಂದ 24 ತಿಂಗಳೊಳಗೆ ಎರಡನೆಯದು. ಸೆಪ್ಟೆಂಬರ್ ಮೊದಲಲ್ಲಿ ಹುಟ್ಟಿದ ಕೂಸಿಗೆ 10ನೇ ವಾರ ಬೀಳುವುದು ನವೆಂಬರ್ ನಡುವಿಗೆ, 14ನೇ ವಾರ ಡಿಸೆಂಬರ್ ನಡುವಿಗೆ. ಅಂದರೆ ಅರೇಬಿಕಾ ಕುಯ್ಲಿನ ಭರಾಟೆಯಲ್ಲಿಯೇ.

ಸಂದೇಶವೇನೋ ಬರುತ್ತದೆ, ಸಿಗ್ನಲ್ ಸಿಕ್ಕರೆ. ಆದರೆ ದಿನಗೂಲಿ ಕಳೆದುಕೊಂಡು ಹೋಗುವವರು ಯಾರು? ಪಶ್ಚಿಮ ಕೀನ್ಯಾದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸಂದೇಶವಿಲ್ಲದೆಡೆ ವರ್ಷ ತುಂಬುವುದರೊಳಗೆ ಪೂರ್ತಿ ಲಸಿಕೆ ಪಡೆದ ಮಕ್ಕಳು ನೂರಕ್ಕೆ 82. ಬರಿಯ ಸಂದೇಶ ಕಳಿಸಿದೆಡೆ 86. ಸಂದೇಶದೊಡನೆ, ಹೊತ್ತಿಗೆ ಸರಿಯಾಗಿ ಹಾಕಿಸಿದ ಪ್ರತಿ ಸಲಕ್ಕೆ 200 ಶಿಲ್ಲಿಂಗ್ ಕೊಟ್ಟೆಡೆ 90. ನೆನಪಿನ ಜೊತೆಗೆ ಕೈಗೆ ನಾಲ್ಕು ಕಾಸೂ ಬೇಕೆಂಬುದನ್ನು ತೋಟ ನಡೆಸುವ ನಮಗೆ ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟೆ. ಕುಟುಂಬ ಬಂದಿಳಿದ ದಿನವೇ ಕೂಸಿನ ತಾಯಿ ಕಾರ್ಡನ್ನು ನೋಡಿ, ಮುಂದಿನ ಲಸಿಕೆಯ ತಾರೀಖನ್ನು ಹಾಜರಿ ಪುಸ್ತಕದಲ್ಲಿ ಬರೆದಿಡಿರಿ. ಲೈನ್ ಮನೆಗಳಲ್ಲಿ ಮಕ್ಕಳಿರುವ ಸಂಗತಿಯನ್ನು ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಲಸಿಕೆಯ ದಿನ ತಾಯಿಗೆ ಅರ್ಧ ದಿನ ಕೂಲಿಸಹಿತ ರಜೆ ಕೊಡಿರಿ. ಪೇಟೆಗೆ ಹೋಗುವ ಜೀಪಿನಲ್ಲಿ ಆಕೆಗೊಂದು ಜಾಗ ಮಾಡಿಕೊಡಿರಿ.

ಹಣ್ಣು ಉದುರುವ ಕಾಲದಲ್ಲಿ ಆಳು ಬಿಡುವುದು ಹೇಗೆಂದು ಕೆಲವರು ಕೇಳಿಯಾರು. ಲೈನಿನಲ್ಲಿ ಒಂದು ಕೂಸಿಗೆ ದಡಾರ ಎದ್ದರೆ ಲಸಿಕೆಯಾಗದ ಉಳಿದ ಮಕ್ಕಳಿಗೂ ಹಬ್ಬುವುದು ಬಲು ಬೇಗ. ಆಗ ಎಷ್ಟು ತಾಯಂದಿರ ಎಷ್ಟು ದಿನ ಹೋದೀತೆಂದು ಲೆಕ್ಕ ಹಾಕಿ ನೋಡಿರಿ. ನಮ್ಮ ಮಕ್ಕಳೂ ಅದೇ ಕಣದಲ್ಲಿ ಆಡುವವರು.

ಈ ಕುಯ್ಲಿನಿಂದಲೇ ಸದಸ್ಯರೆಲ್ಲರೂ ಇದನ್ನು ರೂಢಿಗೆ ತರಬೇಕೆಂದು ನಮ್ಮ ಕಳಕಳಿಯ ವಿನಂತಿ.