ಗಂಜಿಯ ಆಸೆಗಲ್ಲ



ತಾಂಡೂರಿನ ಕಲ್ಲುಗಣಿ ಕೂಲಿಗಳನ್ನು ಕಂಡಾಗಲೆಲ್ಲ ನಮಗೆ ಒಂಗೋಲಿನ ಬ್ಯಾಪ್ಟಿಸ್ಟ್ ಸಭೆ ನೆನಪಾಗುತ್ತದೆ. 1867ರಲ್ಲಿ ಎಂಟೇ ಜನರಿಂದ ಆರಂಭವಾದ ಸಭೆ ಅದು. 1876-78ರ ಭೀಕರ ಬರದಲ್ಲಿ ಅಲ್ಲಿನ ಅಮೆರಿಕನ್ ಪಾದ್ರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆ ಅಗೆಯುವ ಕೆಲಸವನ್ನು ಗುತ್ತಿಗೆ ಹಿಡಿದು ಬಡವರಿಗೆ ಕೂಲಿ ಕೊಟ್ಟರು. ಅನೇಕರು ದೀಕ್ಷಾಸ್ನಾನ ಬೇಡಿದರು. ಗಂಜಿಯ ಆಸೆಗೆ ಯಾರೂ ಬರಬಾರದೆಂದು, ಪರಿಹಾರ ಕಾರ್ಯ ಮುಗಿಯುವವರೆಗೆ ಅವರು ಒಬ್ಬರಿಗೂ ಕೊಡಲಿಲ್ಲ. ಕೂಲಿ ಮುಗಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ 2,222 ಮಂದಿ ದೀಕ್ಷಾಸ್ನಾನ ಪಡೆದರು.

ಅವರು ನಮ್ಮ ಧರ್ಮಸಭೆಯವರಲ್ಲ, ನಿಜ. ಆದರೂ ಅವರಿಂದ ನಾವು ಕಲಿಯಬೇಕಾದದ್ದಿದೆ. ಹಸಿದವರ ಮನೆಗೆ ಒಂದು ಸೇರು ಜೋಳ ಕೊಂಡೊಯ್ಯೋಣ. ಬದಲಿಗೆ ಏನನ್ನೂ, ಪ್ರಾರ್ಥನೆಯನ್ನೂ, ಕೇಳದಿರೋಣ. ವಿಶ್ವಾಸ ಕೊಡುವವನು ದೇವರು.